ಕಲ್ಲಿನಡಿಯ ಹುಳ ಎಣಿಸಿ ಹಳ್ಳದ ನೀರು ನೋಡಿದ್ದು

ನಮ್ಮ ಕಡೆ ಡಿಸೆಂಬರ್ ಬಂತೆಂದರೆ ಅರೇಬಿಕಾ ಕಾಫಿ ಕೊಯ್ಲು. ಕೊಯ್ಲಿನ ಹಿಂದೆಯೇ ಪಲ್ಪರ್ ಯಂತ್ರ ಶುರು. ಹಣ್ಣಿನ ಸಿಪ್ಪೆ ಬಿಡಿಸಿ, ಬೀಜಕ್ಕೆ ಅಂಟಿದ ಲೋಳೆ ತೊಳೆದ ನೀರು ಗುಂಡಿಗೆ ಹೋಗಬೇಕು. ಗುಂಡಿ ತುಂಬಿದರೆ ರಾತ್ರೋರಾತ್ರಿ ಹಳ್ಳಕ್ಕೆ ಹೋಗುತ್ತದೆ. ಮೂಡಿಗೆರೆ ತಾಲ್ಲೂಕಿನಲ್ಲಿ ತೋಟಗಳ ನಡುವೆ ಇಳಿದು ಹೇಮಾವತಿ ಸೇರುವ ಇಂಥ ಸಣ್ಣ ಹಳ್ಳಗಳು ಎಷ್ಟೋ ಇವೆ. ನಮ್ಮದೂ ಅದರಲ್ಲೊಂದು. ಬೆಳಿಗ್ಗೆ ಕೆಳಗಿನ ಗದ್ದೆಯವರು ನೀರು ಹುಳಿ ವಾಸನೆ ಹೊಡೆಯುತ್ತಿದೆ ಅನ್ನುತ್ತಾರೆ. ಮೇಲಿನವರು "ನಮ್ದಲ್ಲ ಮಾರಾಯ, ಆಚೆ ತೋಟದ್ದು" ಅನ್ನುತ್ತಾರೆ. ಪ್ರತಿ ವರ್ಷ ಇದೇ ಜಗಳ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಮನೆಗೆ ಸಣ್ಣ ತೋಟವೂ ಇದೆ, ಸಣ್ಣ ಪಲ್ಪರ್ ಕೂಡ ಇದೆ. ಹಾಗಾಗಿ ಎರಡೂ ಕಡೆಯವರು ನನ್ನ ಹತ್ತಿರ ಬಂದು ಬೈದು ಹೋಗುತ್ತಿದ್ದರು.

ಒಂದು ವರ್ಷ ನೀರನ್ನು ಬಾಟಲಿಗೆ ತುಂಬಿ ಟೆಸ್ಟಿಗೆ ಕಳಿಸಿದೆವು. ರಿಪೋರ್ಟ್ ಚೆನ್ನಾಗಿಯೇ ಬಂತು. ಕೆಳಗಿನವರಿಗೆ ಸಿಟ್ಟು, ಮೇಲಿನವರಿಗೆ ಖುಷಿ. ಆದರೆ ಯೋಚಿಸಿದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಪಲ್ಪರ್ ನೀರು ಹಳ್ಳಕ್ಕೆ ಬರುವುದು ಯಾವುದೋ ಒಂದು ರಾತ್ರಿ, ನಾಲ್ಕೈದು ಗಂಟೆ. ನಾವು ಬಾಟಲಿ ಹಿಡಿದದ್ದು ಇನ್ಯಾವುದೋ ಮಧ್ಯಾಹ್ನ. ಅಷ್ಟರಲ್ಲಿ ಆ ನೀರು ಹೊಳೆ ಸೇರಿಯಾಗಿತ್ತು. ಇನ್ನು ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯೋಣ ಅಂದರೆ, ಬೆಟ್ಟದ ಹಳ್ಳ ಕಲ್ಲಿಂದ ಕಲ್ಲಿಗೆ ಧುಮುಕುತ್ತ ಗಾಳಿಯನ್ನು ಮತ್ತೆ ಮತ್ತೆ ಬೆರೆಸಿಕೊಳ್ಳುತ್ತದೆ. ಹಗಲಲ್ಲಿ ಅಳೆದರೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಕೊಳಕನ್ನು ತಿನ್ನುವ ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ಅಳೆಯುವ ಬಿಒಡಿ ಟೆಸ್ಟಿಗೆ ನೀರನ್ನು ಐಸಿನಲ್ಲಿಟ್ಟು ಬೇಗ ಲ್ಯಾಬಿಗೆ ಮುಟ್ಟಿಸಬೇಕು. ಅಲ್ಲಿ 27 ಡಿಗ್ರಿಯಲ್ಲಿ 3 ದಿನ ಇಟ್ಟು ನೋಡುತ್ತಾರೆ. ಪ್ರತಿ ವಾರ ಯಾರು ಮಾಡುತ್ತಾರೆ, ದುಡ್ಡು ಯಾರು ಕೊಡುತ್ತಾರೆ?

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಪರಿಚಯದ ಮೇಡಂ ಒಬ್ಬರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ನಕ್ಕು, "ಬಾಟಲಿ ಬಿಡಿ ಸರ್. ಕಲ್ಲು ಎತ್ತಿ ನೋಡಿ, ಅಲ್ಲಿರೋರು ಎಲ್ಲೂ ಹೋಗಲ್ಲ" ಅಂದರು.

ಅವರು ಹೇಳಿದ್ದು ಹಳ್ಳದ ತಳದಲ್ಲಿ ಬದುಕುವ ಬೆನ್ನೆಲುಬಿಲ್ಲದ ಸಣ್ಣ ಜೀವಿಗಳ ವಿಷಯ. ನೊಣದಂಥ ಹಲವು ಹಾರುವ ಕೀಟಗಳು ಮರಿಯಾಗಿರುವಾಗ ತಿಂಗಳುಗಟ್ಟಲೆ ನೀರಿನ ಕಲ್ಲಿನಡಿ ಇರುತ್ತವೆ. ಜೊತೆಗೆ ಬಸವನಹುಳು, ಏಡಿ, ಜಿಗಣೆ, ನೀರಿನ ಎರೆಹುಳು. ಕೆಟ್ಟ ನೀರು ನಾಲ್ಕು ಗಂಟೆ ಹರಿದು ಹೋದರೂ ಇವುಗಳಲ್ಲಿ ನಾಜೂಕಿನವು ಸತ್ತೋ ಕೊಚ್ಚಿಯೋ ಹೋಗುತ್ತವೆ. ತಡೆದುಕೊಳ್ಳುವವು ಉಳಿಯುತ್ತವೆ. ನಾವು ವಾರ ಬಿಟ್ಟು ಹೋದರೂ ಯಾರಿದ್ದಾರೆ, ಯಾರಿಲ್ಲ ಅಂತ ನೋಡಿ ನಡೆದದ್ದನ್ನು ಊಹಿಸಬಹುದು. ಇದೇನೂ ಹೊಸ ವಿದ್ಯೆ ಅಲ್ಲ. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1900ರ ದಶಕದಲ್ಲೇ ಯಾವ ಜೀವಿ ಎಷ್ಟು ಕೊಳಕನ್ನು ಸಹಿಸುತ್ತದೆ ಎಂದು ಪಟ್ಟಿ ಮಾಡಿದ್ದರು. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಪ್ರತಿ ಕುಟುಂಬಕ್ಕೆ, ಅಂದರೆ ಹತ್ತಿರದ ಜಾತಿಗಳ ಗುಂಪಿಗೆ, 1ರಿಂದ 10ರವರೆಗೆ ಅಂಕ ಕೊಡುವ ಕ್ರಮ ಬಂತು. ಕೊಳಕನ್ನು ಸಹಿಸದವಕ್ಕೆ ಹೆಚ್ಚು ಅಂಕ, ಸಹಿಸುವವಕ್ಕೆ ಕಡಿಮೆ. ಅದಕ್ಕೆ ಬಿಎಂಡಬ್ಲ್ಯುಪಿ ಎಂದು ಹೆಸರು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೂಡ ಅದನ್ನೇ ಆಧಾರ ಮಾಡಿಕೊಂಡು ಇಲ್ಲಿನ ನದಿಗಳಿಗೆ ಒಂದು ಅಳತೆ ರೂಪಿಸಿದೆ. ಜಾತಿ ಮಟ್ಟಕ್ಕೆ ಹೋಗಬೇಕಿಲ್ಲ, ಕುಟುಂಬ ಗುರುತಿಸಿದರೆ ಸಾಕು. ಮೇಷ್ಟ್ರಿಗೂ ಸಾಧ್ಯ ಅನ್ನಿಸಿತು.

ಬಲೆ ಬೇಕಿತ್ತು. ಅಂಗಡಿಯಲ್ಲಿ ಸಿಗುವ ಬಲೆ ದುಬಾರಿ. ಅರ್ಧ ಮಿಲಿಮೀಟರ್ ಕಣ್ಣಿನ ನೈಲಾನ್ ಬಟ್ಟೆ ತರಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಬದಿ ಚಪ್ಪಟೆ ಇರುವ ಕಬ್ಬಿಣದ ಚೌಕಟ್ಟು ಮಾಡಿಸಿ, ಟೈಲರ್ ಹತ್ತಿರ ಹೊಲಿಸಿದೆ. ಟೈಲರ್ ಇದು ಯಾವ ಮೀನಿಗೆ ಅಂತ ಕೇಳಿದ. ಹುಳಕ್ಕೆ ಅಂದೆ. ಮತ್ತೇನೂ ಕೇಳಲಿಲ್ಲ. ಉಳಿದದ್ದೆಲ್ಲ ಮನೆಯದೇ: ಬಿಳಿ ಟ್ರೇ, ಫ್ರಿಜ್ಜಿನ ಐಸ್ ಟ್ರೇ, ಡ್ರಾಪರ್, ಮಕ್ಕಳ ಪೇಂಟ್ ಬ್ರಷ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಗಂಬೂಟು.

ಜಾಗ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಮೂರು ಜಾಗ ಗುರುತು ಮಾಡಿದೆವು. ಮೊದಲನೆಯದು ಎಲ್ಲ ತೋಟಕ್ಕಿಂತ ಮೇಲೆ, ಕಾಡಿನ ಅಂಚಿನಲ್ಲಿ. ಅಲ್ಲಿ ಜಮೀನು ಪರಿಚಯದವರದ್ದೇ, ಕೇಳಿ ಇಳಿದೆವು. ಅಭಯಾರಣ್ಯದ ಒಳಗಾಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಎರಡನೆಯದು ನಮ್ಮ ಮತ್ತು ಪಕ್ಕದ ತೋಟಗಳ ಪಲ್ಪರ್ ದಾಟಿದ ಮೇಲೆ. ಮೂರನೆಯದು ಇನ್ನೂ ಕೆಳಗೆ, ಸೇತುವೆ ದಾಟಿ ಗದ್ದೆ ಬಯಲಿನಲ್ಲಿ. ಮೂರು ಕಡೆಯೂ ನೀರು ಕಲ್ಲುಗಳ ಮೇಲೆ ನೊರೆ ಎಬ್ಬಿಸಿಕೊಂಡು ಹರಿಯಬೇಕು, ಕಲ್ಲಿನ ಗಾತ್ರ ಸುಮಾರು ಒಂದೇ ಇರಬೇಕು, ನೆರಳೂ ಹತ್ತಿರ ಹತ್ತಿರ ಇರಬೇಕು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಮರಳು ಇದ್ದರೆ ಹುಳಗಳು ಬೇರೆ ಬೇರೆ ಸಿಗುವುದು ಸಹಜ. ಅದು ಕೊಳಕಿನ ಗುರುತಲ್ಲ. ಮೂರನೆಯ ಜಾಗದಲ್ಲಿ ನೆರಳು ಮಾತ್ರ ಸಿಗಲಿಲ್ಲ, ಗದ್ದೆ ಬಯಲಲ್ವಾ?

ಮೊದಲು ಇಳಿದದ್ದು ನವೆಂಬರಿನಲ್ಲಿ, ಪಲ್ಪರ್ ಶುರುವಾಗುವ ಮುಂಚೆ. ಮೇಡಂ ಇದರ ಬಗ್ಗೆ ಭಾರಿ ಕಟ್ಟುನಿಟ್ಟು. ಕೆಟ್ಟ ಮೇಲೆ ಮಾತ್ರ ಹೋಗಿ ನೋಡಿದರೆ ಮೊದಲು ಹೇಗಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮಳೆಗಾಲದಲ್ಲಂತೂ ಹೋಗಲೇಬಾರದು. ಜುಲೈ, ಆಗಸ್ಟಿನ ನೆರೆಗೆ ಕಲ್ಲುಗಳೇ ಉರುಳುತ್ತವೆ. ಆಗ ಬಲೆ ಹಾಕಿದರೆ ಎಷ್ಟೇ ಒಳ್ಳೆಯ ಹಳ್ಳವೂ ಖಾಲಿ ಖಾಲಿ ಕಾಣುತ್ತದೆ.

ವಿಧಾನ ಸುಲಭ, ಸೊಂಟಕ್ಕೆ ಮಾತ್ರ ಕಷ್ಟ. ಬಲೆಯ ಬಾಯಿಯನ್ನು ನೀರು ಬರುವ ದಿಕ್ಕಿಗೆ ಇಟ್ಟು, ಚಪ್ಪಟೆ ಬದಿಯನ್ನು ತಳಕ್ಕೆ ಒತ್ತಿ ಹಿಡಿಯಬೇಕು. ಬಲೆಯ ಮುಂದೆ ಕಾಲಿನಿಂದ ಕಲ್ಲುಗಳನ್ನು ಕದಡಬೇಕು. ಗಡಿಯಾರ ನೋಡಿಕೊಂಡು 3 ನಿಮಿಷ. ಅದರಲ್ಲೇ ಒಂದಿಷ್ಟು ಹೊತ್ತು ನಡು ಹಳ್ಳಕ್ಕೆ, ಒಂದಿಷ್ಟು ಅಂಚಿನ ಬೇರುಗಳಿಗೆ, ಒಂದಿಷ್ಟು ಸಿಕ್ಕಿಕೊಂಡ ಎಲೆ ರಾಶಿಗೆ ಹಂಚಬೇಕು. ಆಮೇಲೆ ದೊಡ್ಡ ಕಲ್ಲುಗಳನ್ನು ಕೈಯಲ್ಲೇ ಎತ್ತಿ ಅಡಿಭಾಗ ನೋಡಬೇಕು. ಗಟ್ಟಿಯಾಗಿ ಅಂಟಿಕೊಂಡವು ಬಲೆಗೆ ಬರುವುದೇ ಇಲ್ಲ. ಯಾವಾಗಲೂ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಇಲ್ಲದಿದ್ದರೆ ಮೇಲೆ ನಾವು ಕದಡಿದ್ದು ಕೆಳಗಿನ ಲೆಕ್ಕಕ್ಕೆ ಬಂದು ಸೇರುತ್ತದೆ.

ಬಲೆ ಟ್ರೇಗೆ ಮಗುಚಿದಾಗ ಕಾಣುವುದು ಬರೀ ಕಸ, ಕೊಳೆತ ಎಲೆ, ಮರಳು. ಬೆನ್ನ ಹಿಂದೆ ನಿಂತಿದ್ದ ತೋಟದ ಮೇಸ್ತ್ರಿ "ಇದ್ರಲ್ಲಿ ಏನೈತೆ ಮೇಷ್ಟ್ರೇ?" ಅಂದ. ಸುಮ್ನೆ ನೋಡು ಅಂದೆ. ನೀರು ತಿಳಿಯಾದಂತೆ ಕಸದ ತುಂಡೊಂದು ನಡೆಯಲು ಶುರುವಾಯಿತು. ಎಲೆಯ ಚೂರುಗಳನ್ನು ಚೌಕವಾಗಿ ಜೋಡಿಸಿ ಮಾಡಿದ ಕೊಳವೆ, ಅದರ ಬಾಯಿಯಿಂದ ಆರು ಕಾಲು ಹೊರಗೆ. ಅದು ಕ್ಯಾಡಿಸ್ ಎಂಬ ಹಾರುವ ಕೀಟದ ಮರಿ. ಆಮೇಲೆ ಒಂದೊಂದಾಗಿ ಎಲ್ಲ ಅಲುಗಾಡಲು ಶುರು. ಮೇಸ್ತ್ರಿ ಟ್ರೇ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಆಮೇಲೆ ಬ್ರಷ್ಷಿನಲ್ಲಿ ಹುಳ ಎತ್ತುವುದರಲ್ಲಿ ನನಗಿಂತ ಅವನ ಕೈಯೇ ಚುರುಕು.

ಮೇಫ್ಲೈ, ಸ್ಟೋನ್‌ಫ್ಲೈ ಎಂಬ ಎರಡು ಹಾರುವ ಕೀಟಗಳ ಮರಿಗಳನ್ನು ಬೇರೆ ಮಾಡುವುದು ಮೊದಲ ಪಾಠ. ಮೇಫ್ಲೈಗೆ ಮೂರು ಬಾಲ, ಸ್ಟೋನ್‌ಫ್ಲೈಗೆ ಎರಡು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಬೆಟ್ಟದ ಹಳ್ಳಕ್ಕೆ ಇಳಿದರೆ ಈ ಸೂತ್ರ ಅಲ್ಲೇ ಕೈಕೊಡುತ್ತದೆ. ರಭಸದ ನೀರಿನಲ್ಲಿ ಕಲ್ಲಿಗೆ ಅಂಟಿಕೊಂಡು ಬದುಕುವ ಎಪಿಯೋರಸ್ ಎಂಬ ಮೇಫ್ಲೈಗೂ ಎರಡೇ ಬಾಲ. ಬಾಲ ಬಿಟ್ಟು ಕಿವಿರು ನೋಡಬೇಕು. ಮೇಫ್ಲೈಯ ಹೊಟ್ಟೆಯ ಎರಡೂ ಬದಿಗೆ ಸಣ್ಣ ಎಲೆಯಂಥ ಕಿವಿರುಗಳು ಸಾಲಾಗಿರುತ್ತವೆ, ಲೆನ್ಸಿನಲ್ಲಿ ಅವು ಅಲ್ಲಾಡುವುದು ಕಾಣುತ್ತದೆ. ನಮ್ಮಲ್ಲಿ ಸಿಗುವ ಪರ್ಲಿಡೆ ಕುಟುಂಬದ ಸ್ಟೋನ್‌ಫ್ಲೈಗೆ ಕಿವಿರು ಇರುವುದು ಕಾಲಿನ ಬುಡದಲ್ಲಿ, ಬಿಳಿ ನೂಲಿನ ಕುಚ್ಚಿನ ರೂಪದಲ್ಲಿ. ಕಾಲಿನ ತುದಿಯ ಉಗುರೂ ನೋಡಬಹುದು: ಸ್ಟೋನ್‌ಫ್ಲೈಗೆ ಎರಡೆರಡು, ಮೇಫ್ಲೈಗೆ ಒಂದೊಂದೇ.

ಆದರೆ ಲೆನ್ಸ್ ಇಲ್ಲದೆಯೂ ಸ್ಟೋನ್‌ಫ್ಲೈ ತಾನಾಗಿ ಗುರುತು ಹೇಳುತ್ತದೆ. ಟ್ರೇಯ ನಿಂತ ನೀರಿನಲ್ಲಿ ಸ್ವಲ್ಪ ಹೊತ್ತಿಗೆ ಅದಕ್ಕೆ ಆಮ್ಲಜನಕ ಸಾಲದು. ಆಗ ಕಾಲು ಊರಿ ಮೈಯನ್ನು ಮೇಲೆ ಕೆಳಗೆ ಮಾಡತೊಡಗುತ್ತದೆ, ಥೇಟ್ ಗರಡಿಯಲ್ಲಿ ದಂಡ ಹೊಡೆದ ಹಾಗೆ. ಕಿವಿರಿನ ಮೇಲೆ ಹೊಸ ನೀರು ಹರಿಯಲಿ ಎಂದು ಮಾಡುವ ಪ್ರಯತ್ನ ಅದು. ಇದು ಕಂಡ ತಕ್ಷಣ ಅದನ್ನು ಐಸ್ ಟ್ರೇಯ ಬೇರೆ ಗುಣಿಗೆ ಹಾಕಿ ತಣ್ಣನೆ ನೀರು ಬಿಡಬೇಕು. ಬೇರೆ ಗುಣಿ ಯಾಕೆಂದರೆ ಅದು ಬೇಟೆಗಾರ. ಪಕ್ಕದಲ್ಲಿ ಮೇಫ್ಲೈ ಬಿಟ್ಟರೆ ನಾವು ಎಣಿಸುವ ಮೊದಲೇ ತಿಂದಿರುತ್ತದೆ. ಹರಿವ ನೀರಿನಲ್ಲೇ ಇಷ್ಟು ಆಮ್ಲಜನಕ ಬೇಕಾದ ಪ್ರಾಣಿಗೆ ಪಲ್ಪರ್ ನೀರು ಬಂದರೆ ಏನಾಗಬಹುದು ಅಂತ ವಿವರಿಸಲು ನನಗೆ ಬೇರೆ ಪಾಠ ಬೇಕಾಗಲಿಲ್ಲ. ಲೋಳೆಯಲ್ಲಿ ಇರುವುದು ಸಕ್ಕರೆ, ಪೆಕ್ಟಿನ್. ವಿಷವೇನಲ್ಲ. ಆದರೆ ಅದನ್ನು ತಿನ್ನಲು ಬ್ಯಾಕ್ಟೀರಿಯಾ ಮುಗಿಬಿದ್ದು ನೀರಿನ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಜೊತೆಗೆ ಹುಳಿಬಂದ ನೀರಿನ ಆಮ್ಲ ಬೇರೆ.

ಮೇಲಿನ ಜಾಗದಲ್ಲಿ ನವೆಂಬರಿನಲ್ಲಿ ಅಂಕ ಇರುವ 12 ಕುಟುಂಬ ಸಿಕ್ಕವು. ಪರ್ಲಿಡೆಗೆ 10 ಅಂಕ. ಚಪ್ಪಟೆ ಮೈಯ ಹೆಪ್ಟಾಜೆನಿಡೆ, ಕವಲು ಕಿವಿರಿನ ಲೆಪ್ಟೋಫ್ಲೆಬಿಡೆ ಎಂಬ ಮೇಫ್ಲೈಗಳಿಗೂ ಹತ್ತು ಹತ್ತು. ಮರಳಿನಲ್ಲಿ ಹುದುಗಿರುವ ಏರೋಪ್ಲೇನ್ ಚಿಟ್ಟೆಯ ಒಂದು ಬಗೆಯ ಮರಿಗೆ 8. ಕಲ್ಲುಗಳ ನಡುವೆ ಬಲೆ ಕಟ್ಟಿ ತೇಲಿ ಬರುವ ಚೂರು ಹಿಡಿಯುವ ಹೈಡ್ರೋಸೈಕಿಡೆ ಕ್ಯಾಡಿಸ್‌ಗೆ 5. ಹೀಗೆ ಕೂಡಿಸುತ್ತ ಹೋದರೆ ಒಟ್ಟು 79. ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ 6.6.

ಇಲ್ಲೇ ನನಗೆ ಮೊದಲ ತಕರಾರು. ಮಂಡಳಿಯ ಅಳತೆಯಲ್ಲಿ ಸರಾಸರಿ 7 ಅಥವಾ ಮೇಲಿದ್ದರೆ ಶುದ್ಧ, 6ರಿಂದ 7 ಇದ್ದರೆ ಸ್ವಲ್ಪ ಮಲಿನ. ಕಾಡಿನಿಂದ ಈಗಷ್ಟೇ ಇಳಿದ, ಮೇಲೆ ಒಂದು ಮನೆಯೂ ಇಲ್ಲದ ನೀರು ಸ್ವಲ್ಪ ಮಲಿನವೇ? ಮೇಡಂ ಟ್ರೇಯಲ್ಲಿ ಅಂಟಿಕೊಂಡಿದ್ದ ಒಂದು ಕಂದು ಬಿಲ್ಲೆ ತೋರಿಸಿದರು. ನೋಡಿದರೆ ಹುಳ ಅನ್ನಿಸುವುದೇ ಇಲ್ಲ, ಮಗುಚಿದರೆ ಮಾತ್ರ ಕಾಲು ಕಾಣುತ್ತದೆ. ಸೆಫೆನಿಡೆ ಎಂಬ ಜೀರುಂಡೆಯ ಮರಿ. ಒಳ್ಳೆಯ ಬೆಟ್ಟದ ಹಳ್ಳಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಬ್ರಿಟನ್ನಿನ ಮೂಲ ಪಟ್ಟಿಯಲ್ಲಿ ಅದಕ್ಕೆ ಅಂಕವೇ ಇಲ್ಲ. ಅಲ್ಲಿ ಸ್ಟೋನ್‌ಫ್ಲೈಯ ಹಲವು ಕುಟುಂಬಗಳಿವೆ, ಹೆಚ್ಚಿನವಕ್ಕೆ 10 ಅಂಕ. ನಮ್ಮ ದಕ್ಷಿಣದ ಬೆಟ್ಟಗಳಲ್ಲಿ ಸ್ಟೋನ್‌ಫ್ಲೈ ಬಗೆಗಳೇ ಕಡಿಮೆ, ಹೆಚ್ಚಾಗಿ ಪರ್ಲಿಡೆಯವೇ. ಅಂದರೆ ನಮ್ಮ ಹಳ್ಳ ಪರೀಕ್ಷೆಗೆ ಕೂರುವ ಮೊದಲೇ ಅಂಕ ಕಳೆದುಕೊಂಡಿರುತ್ತದೆ. ಥಾಯ್ಲೆಂಡಿನಲ್ಲಿ ಈ ಪಟ್ಟಿಯನ್ನು ಅಲ್ಲಿನ ಜೀವಿಗಳಿಗೆ ತಕ್ಕಂತೆ ತಿದ್ದಿಕೊಂಡಿದ್ದಾರೆ. ಹಿಮಾಲಯದ ಹೊಳೆಗಳಿಗೂ ಬೇರೆಯೇ ಅಂಕಪಟ್ಟಿ ಮಾಡಿದ್ದಾರೆ. ಪಶ್ಚಿಮ ಘಟ್ಟದ ಹಳ್ಳಕ್ಕೆ ಇಳಿಯುವವರು ಬರೀ ಅಂಕ ನೋಡಿ ತೀರ್ಪು ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ. ಅದೇ ಹಳ್ಳದ ಮೇಲಿನ ಜಾಗದ ಜೊತೆ, ಅದೇ ಜಾಗದ ಹಿಂದಿನ ಲೆಕ್ಕದ ಜೊತೆ ಹೋಲಿಸಿದರೆ ಮಾತ್ರ ಆ ಸಂಖ್ಯೆಗೆ ಬೆಲೆ.

ನವೆಂಬರಿನಲ್ಲಿ ಎರಡನೆಯ ಜಾಗದಲ್ಲಿ ಸರಾಸರಿ 6.1. ಸ್ಟೋನ್‌ಫ್ಲೈ ಸಿಗಲಿಲ್ಲ, ಉಳಿದವರು ಹೆಚ್ಚುಕಮ್ಮಿ ಎಲ್ಲ ಇದ್ದರು. ಮೂರನೆಯ ಜಾಗದಲ್ಲಿ 4.4. ಅಲ್ಲಿ ಬಸವನಹುಳು ಜಾಸ್ತಿ, ನೀರಿನ ಎರೆಹುಳು ಕೂಡ ಇತ್ತು, ಹತ್ತು ಅಂಕದವರು ಒಬ್ಬರೂ ಇಲ್ಲ. ಇದು ಪಲ್ಪರ್ ಶುರುವಾಗುವ ಮುಂಚಿನ ಮಾತು ಎನ್ನುವುದು ನೆನಪಿರಲಿ. ಕೆಳಗಿನವರಿಗೆ ಇದನ್ನು ಹೇಳುವುದು ಸುಲಭ ಇರಲಿಲ್ಲ. ಸೇತುವೆ ಹತ್ತಿರ ಬಂದು ಸೇರುವ ಚರಂಡಿ, ದಡದ ಮರ ಕಡಿದದ್ದು, ಗದ್ದೆಯಿಂದ ಇಳಿದ ಹೂಳು, ಇವೆಲ್ಲ ವರ್ಷವಿಡೀ ಇರುವ ಕಾಟ. ಅದನ್ನೂ ಪಲ್ಪರ್ ಲೆಕ್ಕಕ್ಕೇ ಹಾಕುತ್ತಿದ್ದರು.

ಜನವರಿಯಲ್ಲಿ ಮತ್ತೆ ಇಳಿದೆವು. ಎರಡನೆಯ ಜಾಗದಲ್ಲಿ ಬಲೆ ಹಾಕುವ ಮುಂಚೆಯೇ ಕಲ್ಲುಗಳ ಮೇಲೆ ಬೂದು ಬಣ್ಣದ ಲೋಳೆ ಎಳೆ ಎಳೆಯಾಗಿ ತೇಲಾಡುತ್ತಿತ್ತು. ಸಕ್ಕರೆ ಅಂಶದ ಕೊಳಕು ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಗೊಂಚಲು ಅದು. ಆ ದಿನ ನೀರು ತಿಳಿಯಾಗಿಯೇ ಇತ್ತು, ವಾಸನೆಯೂ ಇರಲಿಲ್ಲ. ಬಾಟಲಿ ಹಿಡಿದಿದ್ದರೆ ಮತ್ತೆ ಪಾಸಾಗುತ್ತಿತ್ತೋ ಏನೋ. ಟ್ರೇಗೆ ಮಗುಚಿದರೆ ಕೆಂಪು ಹುಳಗಳ ರಾಶಿ. ಕೈರೊನೊಮಿಡೆ ಎಂಬ ನೊಣದ ಮರಿಗಳು. ಅವುಗಳ ಮೈಯಲ್ಲೂ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇದೆ. ಆಮ್ಲಜನಕ ಕಡಿಮೆ ಇದ್ದರೂ ಹೀರಿಕೊಳ್ಳುತ್ತವೆ, ಅದಕ್ಕೇ ಆ ಬಣ್ಣ. ಅವುಗಳ ಜೊತೆ ನೀರಿನ ಎರೆಹುಳು, ಒಂದು ಬಗೆಯ ಬಸವನಹುಳು, ಎಲ್ಲೋ ಒಂದೆರಡು ಬೀಟಿಡೆ ಮೇಫ್ಲೈ. ನಾಲ್ಕೇ ಕುಟುಂಬ, ಒಟ್ಟು 10 ಅಂಕ, ಸರಾಸರಿ 2.5. ಅದೇ ದಿನ ಮೇಲಿನ ಜಾಗದಲ್ಲಿ ನವೆಂಬರಿನವರೆಲ್ಲ ಆರಾಮಾಗಿ ಇದ್ದರು.

ಮಂಡಳಿಯ ವಿಧಾನದಲ್ಲಿ ಇನ್ನೊಂದು ಲೆಕ್ಕ ಇದೆ, ನನಗೆ ಅದು ಬಹಳ ಹಿಡಿಸಿತು. ಹುಳಗಳ ಹೆಸರೇ ಗೊತ್ತಿಲ್ಲದಿದ್ದರೂ ಮಾಡಬಹುದು. ಟ್ರೇಯಿಂದ ಕೈಗೆ ಸಿಕ್ಕಂತೆ ಒಂದೊಂದೇ ಎತ್ತಿ ಸಾಲಾಗಿ ಇಡುವುದು. ಪ್ರತಿಯೊಂದೂ ಅದರ ಹಿಂದಿನದಕ್ಕಿಂತ ಬೇರೆಯೋ, ಅದೇ ಬಗೆಯೋ ಅಂತ ನೋಡುವುದು. ಬೇರೆ ಅಂತ ಎಷ್ಟು ಸಲ ಬಂತೋ ಅದನ್ನು ಒಟ್ಟು ಹುಳಗಳ ಸಂಖ್ಯೆಯಿಂದ ಭಾಗಿಸುವುದು. ಎಲ್ಲ ಬೇರೆ ಬೇರೆ ಇದ್ದರೆ ಉತ್ತರ 1ಕ್ಕೆ ಹತ್ತಿರ, ಒಂದೇ ಬಗೆ ತುಂಬಿಕೊಂಡಿದ್ದರೆ ಸೊನ್ನೆಗೆ ಹತ್ತಿರ. ಇದನ್ನು ನನ್ನ ಎಂಟನೇ ಕ್ಲಾಸಿನ ಮಕ್ಕಳು ಮಾಡಿದರು. ಜನವರಿಯ ಸಾಲಿನಲ್ಲಿ ಕೆಂಪು, ಕೆಂಪು, ಕೆಂಪು, ಕೆಂಪು ಅಂತ ಕೂಗಿ ಕೂಗಿ ಅವರಿಗೇ ಬೇಜಾರು ಬಂತು.

ಪಕ್ಕದ ತೋಟದವರನ್ನು ಕರೆದು ಎರಡೂ ಟ್ರೇ ತೋರಿಸಿದೆ. ಅವರು ಮೊದಲು ನೋಡಿದ್ದು ಮೇಲಿನ ಜಾಗದ ಟ್ರೇ. "ಅಯ್ಯೋ, ಇಷ್ಟೊಂದು ಹುಳ ಇರೋ ನೀರನ್ನ ನಾವು ಕುಡೀತಾ ಇದ್ದೀವಾ?" ಅಂದರು. ಹುಳ ಅಂದರೆ ಕೊಳಕು ಎನ್ನುವುದು ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ನೋಡಿ. ಬಗೆ ಬಗೆಯ ಹುಳ ಇದ್ದರೆ ಒಳ್ಳೆಯದು, ಒಂದೇ ಬಗೆ ಜಾಸ್ತಿಯಾದರೆ ಕೆಟ್ಟದ್ದು ಅಂತ ಹೇಳಿದೆ. ಕುಡಿಯಲು ಕಾಯಿಸಿಯೇ ಕುಡಿಯಬೇಕು ಅಂತಲೂ ಹೇಳಿದೆ. ಈ ಹುಳಗಳು ರೋಗಾಣುಗಳ ಲೆಕ್ಕ ಕೊಡುವುದಿಲ್ಲ. ಅವರು ಕೆಳಗಿನ ಟ್ರೇ ತುಂಬಾ ಹೊತ್ತು ನೋಡಿದರು. "ಇದನ್ನ ತಗೊಂಡು ಕಂಪ್ಲೇಂಟ್ ಕೊಡ್ತೀರಾ?" ಅಂತ ಕೇಳಿದರು.

ಕೊಟ್ಟರೂ ನಿಲ್ಲುವುದಿಲ್ಲ. 1974ರ ಜಲ ಕಾಯ್ದೆಯ ಪ್ರಕಾರ ಕೋರ್ಟಿಗೆ ಬೇಕಾದದ್ದು ಮಂಡಳಿಯವರು ಕ್ರಮಬದ್ಧವಾಗಿ ತೆಗೆದ ನೀರಿನ ಮಾದರಿ. ಮೇಷ್ಟ್ರ ಐಸ್ ಟ್ರೇ ಅಲ್ಲ. ಅದನ್ನೇ ಅವರಿಗೂ ಹೇಳಿದೆ. ಕಂಪ್ಲೇಂಟ್ ಭಯ ಹೋದ ಮೇಲೆ ಮಾತು ಸಲೀಸಾಯಿತು. ಅವರದ್ದು ಒಂದೇ ಗುಂಡಿ, ನಮ್ಮದೂ ಸಣ್ಣದೇ. ಮುಂದಿನ ಸೀಸನ್ನಿಗೆ ಇಬ್ಬರೂ ಇನ್ನೊಂದೊಂದು ಗುಂಡಿ ತೋಡಿಸಿದೆವು, ಸುಣ್ಣ ಹಾಕಿ ಹುಳಿ ಕಡಿಮೆ ಮಾಡುವುದು ಶುರುವಾಯಿತು. ಪಲ್ಪರಿನ ನೀರನ್ನೇ ಸೋಸಿ ಮತ್ತೆ ಬಳಸಿದ್ದರಿಂದ ಗುಂಡಿ ತುಂಬುವುದೂ ನಿಧಾನವಾಯಿತು.

ಈ ವಿಧಾನ ಎಲ್ಲವನ್ನೂ ಹೇಳುತ್ತದೆ ಅಂತ ಯಾರೂ ತಿಳಿಯಬೇಡಿ. ಈ ಅಂಕಗಳನ್ನು ಕೊಟ್ಟಿರುವುದು ಆಮ್ಲಜನಕ ತಿನ್ನುವ ಕೊಳಕನ್ನು ಮನಸ್ಸಿನಲ್ಲಿಟ್ಟುಕೊಂಡು. ಮಳೆಗೆ ಮುಂಚೆ ನಾವು ಹೊಡೆಯುವ ಬೋರ್ಡೋ ಎಂಬ ಶಿಲೀಂಧ್ರನಾಶಕದಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ಕೀಟನಾಶಕಗಳು ಬೇರೆ. ಇವುಗಳ ಪೆಟ್ಟು ಬೇರೆ ರೀತಿಯದು. ಬಸವನಹುಳುವಿಗೆ ತಾಮ್ರ ಆಗುವುದಿಲ್ಲ, ಆದರೆ ಅಂಕಪಟ್ಟಿಯಲ್ಲಿ ಹಲವು ಬಸವನಹುಳುಗಳಿಗೆ ಕಡಿಮೆ ಅಂಕ. ತಾಮ್ರ ಬಿದ್ದು ಅವು ಸತ್ತುಹೋದರೆ ಸರಾಸರಿ ಏರಿದಂತೆ ಕಂಡರೂ ಕಾಣಬಹುದು. ಹಾಗಾಗಿ ಸಂಖ್ಯೆಯ ಪಕ್ಕದಲ್ಲಿ ಯಾರು ಇದ್ದರು, ಯಾರು ಇಲ್ಲ ಎನ್ನುವ ಪೂರ್ತಿ ಪಟ್ಟಿಯನ್ನು ಬರೆದಿಡುತ್ತೇನೆ.

ಗುಂಡಿ ತೋಡಿಸಿದ ವರ್ಷದ ಜನವರಿಯಲ್ಲಿ ಎರಡನೆಯ ಜಾಗದ ಸರಾಸರಿ 5ರ ಹತ್ತಿರ ನಿಂತಿತು. ಲೋಳೆ ಇತ್ತು, ಹಿಂದಿನಷ್ಟಲ್ಲ. ಏಪ್ರಿಲಿನ ಹೊತ್ತಿಗೆ ಹೆಪ್ಟಾಜೆನಿಡೆ ಕಲ್ಲಿನ ಮೇಲೆ ಮತ್ತೆ ಕಂಡವು. ಮೇಲಿನಿಂದ ನೀರಿನ ಜೊತೆ ತೇಲಿ ಬಂದು ಖಾಲಿ ಜಾಗ ಹಿಡಿಯುವುದು ಈ ಮರಿಗಳ ಅಭ್ಯಾಸ. ಮೇಲಿನ ಕಾಡು ಹಾಗೇ ಇರುವುದರಿಂದ ನಮಗೆ ಆ ಅನುಕೂಲ ಸಿಕ್ಕಿದೆ. ಸ್ಟೋನ್‌ಫ್ಲೈ ಮಾತ್ರ ಎರಡನೆಯ ಜಾಗಕ್ಕೆ ಇನ್ನೂ ಇಳಿದಿಲ್ಲ. ಮೂರನೆಯ ಜಾಗ ಇದ್ದ ಹಾಗೇ ಇದೆ, ಸೇತುವೆಯ ಚರಂಡಿ ಯಾರ ವ್ಯಾಪ್ತಿಗೆ ಬರುತ್ತದೆ ಎಂಬ ಚರ್ಚೆ ಈಗ ಪಂಚಾಯಿತಿಯಲ್ಲಿ ನಡೆಯುತ್ತಿದೆ. ಆ ಮೀಟಿಂಗಿಗೆ ಕೆಳಗಿನ ಗದ್ದೆಯವರೇ ಟ್ರೇ ಹೊತ್ತುಕೊಂಡು ಹೋಗಿದ್ದರು.